ನಂಬಿಕೆ ಎಂದರೆ ಕೇಳದೇ ಇರುವುದೇ?



ಕಳೆದ ತಿಂಗಳ ಒಂದು ಭಾನುವಾರ ಕನ್ನಡ ಬಲಿಪೂಜೆ ಮುಗಿದು ನಾವು ಯುವಕೂಟದವರು ಬೆಂಚುಗಳನ್ನು ಸರಿಪಡಿಸುತ್ತಿದ್ದಾಗ ಒಬ್ಬ ಅಜ್ಜಿ ಮಡಿಚಿದ ಕಾಗದ ಹಿಡಿದು ಬಂದರು. “ಮಗಾ, ಇದ್ರಲ್ಲಿ ಏನು ಬರ್ದವ್ರೆ, ಸ್ವಲ್ಪ ಓದಿ ಹೇಳು” ಎಂದರು. ಮೊಮ್ಮಗ ಓದುವ ಪ್ರಾಥಮಿಕ ಶಾಲೆಯಿಂದ ಬಂದ ಸುತ್ತೋಲೆ ಅದು. ಒಂದು ಬದಿ ತಮಿಳು, ಇನ್ನೊಂದು ಬದಿ ಇಂಗ್ಲಿಷ್. ಕೆಳಗೆ ಹರಿದುಕೊಡಬೇಕಾದ ಚೀಟಿಯನ್ನು ಅಜ್ಜಿ ಆಗಲೇ ಹೆಬ್ಬೆಟ್ಟು ಒತ್ತಿ ಕಳಿಸಿಬಿಟ್ಟಿದ್ದರು.

ವಿಷಯ ಇಷ್ಟು: ಸೋಮವಾರದಿಂದ ಶಾಲೆಯ ವ್ಯಾನ್ ಬೀದಿಯೊಳಗೆ ಬರುವುದಿಲ್ಲ, ಹೆದ್ದಾರಿಯ ಆಚೆ ಬದಿಯಲ್ಲಿ ನಿಲ್ಲುತ್ತದೆ, ಮನೆಯಿಂದ ದೊಡ್ಡವರೊಬ್ಬರು ಬಂದು ಮಗುವನ್ನು ಕರೆದುಕೊಂಡು ಹೋಗಬೇಕು. ಆ ಸೋಮವಾರ ಆಗಲೇ ಕಳೆದುಹೋಗಿತ್ತು. ಎರಡನೇ ತರಗತಿಯ ಆ ಹುಡುಗ ವಾರವಿಡೀ ಸೇಲಂ–ಧರ್ಮಪುರಿ ಹೆದ್ದಾರಿಯ ನಾಲ್ಕು ಪಥಗಳನ್ನು ಒಬ್ಬನೇ ದಾಟಿ ಮನೆ ಸೇರಿದ್ದ. ತೊಪ್ಪೂರು ಘಾಟಿಯ ಅಪಘಾತಗಳ ಸುದ್ದಿ ಕೇಳುತ್ತಲೇ ಬೆಳೆದ ನಮಗೆ ಎದೆ ಝಲ್ಲೆಂದಿತು. ಹುಡುಗನ ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ. ಮನೆಯಲ್ಲಿ ಅಜ್ಜಿ ಒಬ್ಬರೇ.

“ಏನಂತ ತಿಳ್ಕೊಳ್ಳದೆ ಯಾಕಜ್ಜಿ ಹೆಬ್ಬೆಟ್ಟು ಒತ್ತಿದ್ರಿ?” ಎಂದು ನಮ್ಮಲ್ಲೊಬ್ಬರು ಕೇಳಿದರು. “ಟೀಚರಮ್ಮ ಕಳ್ಸವ್ರೆ ಅಂದ್ಮೇಲೆ ಒಳ್ಳೇದಕ್ಕೇ ಇರ್ತದೆ. ಓದಿದೋರನ್ನ ನಮ್ಮಂಥೋರು ಪ್ರಶ್ನೆ ಕೇಳೋದಾ?” ಎಂದರು ಅಜ್ಜಿ.

ಆ ಮಾತಿಗೆ ಅಂದು ನಮ್ಮ ಬಳಿ ಉತ್ತರ ಇರಲಿಲ್ಲ. ಇಲ್ಲಿ ತಪ್ಪು ಯಾರದು? ಶಾಲೆಯವರು ತಿಳಿಸಿದ್ದರು, ಅವರ ಬಳಿ ಹೆಬ್ಬೆಟ್ಟಿನ ಗುರುತೂ ಇತ್ತು. ಅಜ್ಜಿ ಗುರುಗಳ ಮೇಲೆ ವಿಶ್ವಾಸ ಇಟ್ಟಿದ್ದರು. ಅದೂ ತಪ್ಪಲ್ಲ. ಇಬ್ಬರೂ ಸರಿಯಾಗಿಯೇ ನಡೆದುಕೊಂಡಿದ್ದರೂ ಮಗು ಮಾತ್ರ ರಸ್ತೆಯ ನಡುವೆ ಒಂಟಿಯಾಗಿತ್ತು.

ಸಂತ ಲೂಕರ ಶುಭಸಂದೇಶದಲ್ಲಿ ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲಿ ಉಳಿದುಬಿಟ್ಟ ಘಟನೆ ನಮಗೆಲ್ಲ ಗೊತ್ತು. ಮರಿಯ ಮತ್ತು ಜೋಸೆಫರು ಮಗನನ್ನು ಮರೆತವರಲ್ಲ. ಜೊತೆಗೆ ಬರುತ್ತಿದ್ದ ನೆಂಟರು, ಪರಿಚಯದವರ ನಡುವೆ ಇರಬಹುದು ಎಂದುಕೊಂಡು ಒಂದು ದಿನದ ದಾರಿ ನಡೆದರು. ಒಳ್ಳೆಯ ಜನರೇ ತುಂಬಿದ ಗುಂಪಿನಲ್ಲೂ ಹೀಗಾಯಿತು. ಅವರು ಮಾಡಿದ ದೊಡ್ಡ ಕೆಲಸವೆಂದರೆ, ಗೊತ್ತಾದ ತಕ್ಷಣ ನೆಂಟರನ್ನೆಲ್ಲ ವಿಚಾರಿಸಿ, ಬಂದ ದಾರಿಯಲ್ಲೇ ಹಿಂದಿರುಗಿ ಹುಡುಕಿದ್ದು. ಹಾಗೆ ವಿಚಾರಿಸಿದ್ದರಿಂದ ನೆಂಟರಿಗೆ ಅವಮಾನವಾಯಿತು ಎಂದು ನಾವು ಯಾರೂ ಅಂದುಕೊಳ್ಳುವುದಿಲ್ಲ.

ಹೀಗೆ ವಿಚಾರಿಸುವವರೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯ ಕಣ್ಣಾರೆ ಕಂಡಿದೆ. 2004ರ ಜುಲೈ 16ರಂದು ತಂಜಾವೂರು ಜಿಲ್ಲೆಯ ಕುಂಭಕೋಣಂನಲ್ಲಿ ಒಂದು ಪ್ರಾಥಮಿಕ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ನಮ್ಮಲ್ಲಿ ಹಲವರು ಆಗ ತೊಟ್ಟಿಲ ಕೂಸುಗಳು. ಮಧ್ಯಾಹ್ನದ ಅಡುಗೆ ಮಾಡುತ್ತಿದ್ದ ಕಡೆಯಿಂದ ಹತ್ತಿದ ಕಿಡಿ ಗರಿಯ ಚಾವಣಿಗೆ ತಗುಲಿತು. ಒಂದೇ ಕಟ್ಟಡದಲ್ಲಿ ಮೂರು ಶಾಲೆಗಳು ನಡೆಯುತ್ತಿದ್ದವು. ಮಹಡಿಯಿಂದ ಇಳಿಯಲು ಇದ್ದದ್ದು ಇಕ್ಕಟ್ಟಾದ ಮೆಟ್ಟಿಲು. ಬೆಂಕಿಗೆ ಉರಿಯುವ ವಸ್ತು, ಗಾಳಿ, ಶಾಖ ಮೂರೂ ಬೇಕು, ಒಂದನ್ನು ತೆಗೆದರೆ ಅದು ಆರುತ್ತದೆ ಎಂದು ನಾವು ವಿಜ್ಞಾನದ ತರಗತಿಯಲ್ಲಿ ಕಲಿತಿದ್ದೇವೆ. ದುರಂತವೂ ಹಾಗೆಯೇ. ಚಾವಣಿ, ಒಲೆ, ಮೆಟ್ಟಿಲು, ಇವು ಯಾವುವೂ ಗುಟ್ಟಾಗಿರಲಿಲ್ಲ. ಮಕ್ಕಳನ್ನು ಬಿಡಲು ಬಂದವರು, ಪರಿಶೀಲಿಸಬೇಕಾದವರು, ಪಾಠ ಹೇಳುವವರು ದಿನವೂ ನೋಡುವಂಥವೇ ಆಗಿದ್ದವು. ಆಮೇಲೆ ತಮಿಳುನಾಡಿನ ಶಾಲೆಗಳ ಗರಿಯ ಚಾವಣಿಗಳನ್ನು ತೆಗೆಸಿದರು. ಆ ದುರಂತದ ನಂತರ ಹೂಡಿದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಮಗುವಿಗಿರುವ ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದು ತೀರ್ಪು ಕೊಟ್ಟಿತು.

ಅದೇ ವರ್ಷದ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಗಳಲ್ಲಿ ಆಡಳಿತ ಸಮಿತಿ ಇರಬೇಕು, ಅದರ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಹೇಳುತ್ತದೆ. ಅಂದರೆ ಪ್ರಶ್ನೆ ಕೇಳುವುದು ಅಧಿಕಪ್ರಸಂಗವಲ್ಲ. ಕಾನೂನೇ ಅಜ್ಜಿಯಂಥವರಿಗೆ ಕುರ್ಚಿ ಹಾಕಿಕೊಟ್ಟಿದೆ. ಆದರೆ ಆ ಕುರ್ಚಿಯಲ್ಲಿ ಕೂತವರಿಗೆ ಸಭೆಯ ಮಾತು ಅರ್ಥವಾಗದಿದ್ದರೆ ಏನು ಪ್ರಯೋಜನ? ನಮ್ಮ ಎಷ್ಟೋ ಮನೆಗಳಲ್ಲಿ ಆಡುವ ಮಾತು ಕನ್ನಡ. ಶಾಲೆಯ ಎರಡು ಭಾಷೆಗಳಲ್ಲಿ ಒಂದನ್ನು ಸಂತೆಯ ಮಟ್ಟಿಗೆ ಆಡಬಲ್ಲೆವು, ಓದಲಾರೆವು. ಇನ್ನೊಂದು ದೂರವೇ ಉಳಿದಿದೆ. ಎರಡು ಭಾಷೆಯ ಶಾಲೆ ಎಂಬ ಹೆಮ್ಮೆ ನಮಗೂ ಇದೆ, ಮಕ್ಕಳು ಎರಡನ್ನೂ ಚೆನ್ನಾಗಿ ಕಲಿಯಲಿ. ಆದರೆ ಮಗುವಿನ ಕ್ಷೇಮದ ಮಾತು ಮಾತ್ರ ಮನೆಯವರಿಗೆ ತಿಳಿಯುವ ಭಾಷೆಯಲ್ಲಿ ಮನೆಗೆ ಬರಬೇಕು.

ಮಗುವಿನ ಕಡೆಯಿಂದಲೂ ಯೋಚಿಸೋಣ. ಹೊಟ್ಟೆನೋವು, ಭಯ, ಯಾರೋ ಕೆಟ್ಟದಾಗಿ ಮುಟ್ಟಿದ್ದು, ಇವನ್ನೆಲ್ಲ ಆರು ವರ್ಷದ ಮಗು ಕಲಿತ ಭಾಷೆಯಲ್ಲಿ ಹೇಳೀತೇ? ಅಮ್ಮನ ಮಡಿಲಲ್ಲಿ ಆಡಿದ ಮಾತಿನಲ್ಲೇ ಹೇಳುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೊ ಕಾಯ್ದೆ ಇದನ್ನು ಗಮನಿಸಿದೆ. ದೂರು ಬರೆದುಕೊಳ್ಳುವ ಭಾಷೆ ಮಗುವಿಗೆ ತಿಳಿಯದಿದ್ದರೆ ಭಾಷಾಂತರ ಮಾಡುವವರನ್ನು ಒದಗಿಸಬೇಕು ಎನ್ನುತ್ತದೆ. ಕಷ್ಟ ಬಂದ ಮೇಲೆ ಕಾನೂನು ಕೊಡುವ ಸಹಾಯವನ್ನು ಕಷ್ಟ ಬರುವ ಮುಂಚೆಯೇ ನಾವು ಕೊಡಬಾರದೇ?

ಇಲ್ಲೊಂದು ಕಹಿ ಮಾತನ್ನೂ ನಮಗೆ ನಾವೇ ಹೇಳಿಕೊಳ್ಳಬೇಕು. ಅಲ್ಪಸಂಖ್ಯಾತರು ನಡೆಸುವ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಧರ್ಮಸಭೆಯ ಶಾಲೆಗಳೂ ಅದರಲ್ಲಿ ಸೇರುತ್ತವೆ. ನಮ್ಮ ಸಂಸ್ಥೆಗಳ ಸ್ವಾತಂತ್ರ್ಯ ಉಳಿಯಲಿ ಎಂದು ನಾವೂ ಬಯಸುತ್ತೇವೆ. ಆದರೆ ಕಾನೂನು ಬಿಟ್ಟ ಮಾತ್ರಕ್ಕೆ ಮನಸ್ಸಾಕ್ಷಿ ಬಿಡುತ್ತದೆಯೇ? ಸ್ವಾಮಿಗಳು, ಸಿಸ್ಟರ್‌ಗಳು ನಡೆಸುವ ಶಾಲೆ ಎಂದರೆ ಜನ ಇನ್ನೂ ಹೆಚ್ಚು ನಂಬುತ್ತಾರೆ, ಇನ್ನೂ ಕಡಿಮೆ ಕೇಳುತ್ತಾರೆ. ಆದ್ದರಿಂದ ಕೇಳುವವರಿಗೆ ಬಾಗಿಲು ತೆರೆದಿಡುವ ಹೊಣೆ ಅಲ್ಲಿ ಹೆಚ್ಚು.

ಶಿಕ್ಷಕರ ಕಷ್ಟವೂ ನಮಗೆ ಗೊತ್ತು. ನಮ್ಮ ಕೂಟದಲ್ಲೇ ಶಿಕ್ಷಕಿಯರಿದ್ದಾರೆ. ಕೆಲವು ಹೆತ್ತವರು ಶಾಲೆಗೆ ಬರುವುದೇ ಕೂಗಾಡಲು ಎಂದು ಅವರು ನೊಂದು ಹೇಳುತ್ತಾರೆ. ದಿನಗೂಲಿಯವರಿಗೆ ಸಭೆಗೆ ಬರುವುದೆಂದರೆ ಅರ್ಧ ದಿನದ ಕೂಲಿ ಬಿಡುವುದು ಎಂಬುದೂ ನಿಜ. ಹಾಗಾಗಿ ಎಲ್ಲರೂ ಎಲ್ಲದಕ್ಕೂ ಹೋಗಬೇಕು ಎಂದು ನಾವು ಹೇಳುತ್ತಿಲ್ಲ. ಅನುಮಾನಪಟ್ಟು ಕೇಳುವುದು ಬೇರೆ, ಹೊಣೆ ಹಂಚಿಕೊಳ್ಳಲು ಕೇಳುವುದು ಬೇರೆ. ಮೊದಲನೆಯದು ತಪ್ಪು ಹುಡುಕುತ್ತದೆ. ಎರಡನೆಯದು “ನನ್ನ ಪಾಲಿನ ಕೆಲಸ ಏನು?” ಎಂದು ತಿಳಿಯಲು ಬರುತ್ತದೆ. ಅಜ್ಜಿ ಕೇಳಬೇಕಾಗಿದ್ದದ್ದು ಇಷ್ಟೇ: “ನಾನು ಏನು ಮಾಡ್ಬೇಕು ಟೀಚರಮ್ಮ?” ಶಾಲೆಯವರು ಕೇಳಬೇಕಾಗಿದ್ದದ್ದೂ ಒಂದೇ: “ನಿಮಗೆ ಅರ್ಥ ಆಯ್ತಾ ಅಜ್ಜಿ?” ಈ ಎರಡರಲ್ಲಿ ಒಂದು ಪ್ರಶ್ನೆ ಬಂದಿದ್ದರೂ ಸಾಕಾಗಿತ್ತು. ನಂಬಿಕೆ ಇರುವ ಕಡೆಯೇ ಇಂಥ ಪ್ರಶ್ನೆಗಳನ್ನು ಅಂಜದೆ ಕೇಳಲು ಆಗುವುದು ಎಂದು ಈಗ ನಮಗೆ ಅನ್ನಿಸುತ್ತದೆ.

ಅದಕ್ಕೇ ಯುವಕೂಟದ ನಾವು ಒಂದು ಸಣ್ಣ ತೀರ್ಮಾನ ಮಾಡಿದ್ದೇವೆ. ಪ್ರತಿ ಭಾನುವಾರ ಕನ್ನಡ ಪೂಜೆಯ ನಂತರ ಗುಡಿಯ ಬಾಗಿಲ ಬಳಿ ಅರ್ಧ ಗಂಟೆ ಕೂರುತ್ತೇವೆ. ಶಾಲೆಯಿಂದ ಯಾವ ಕಾಗದ ಬಂದರೂ ತನ್ನಿ, ಸಹಿ ಹಾಕುವ ಮುಂಚೆ ತನ್ನಿ, ಓದಿ ಹೇಳುತ್ತೇವೆ. ಶಾಲೆಯ ಸಭೆಗೆ ಹೋಗಲು ಅಳುಕು ಇದ್ದರೆ ನಮ್ಮಲ್ಲೊಬ್ಬರು ಜೊತೆಗೆ ಬರುತ್ತೇವೆ. ನಿಮ್ಮ ಪರವಾಗಿ ಮಾತಾಡಲು ಅಲ್ಲ, ನಿಮ್ಮ ಮಾತನ್ನು ಅಲ್ಲಿಗೆ, ಅವರ ಮಾತನ್ನು ನಿಮಗೆ ತಲುಪಿಸಲು. ಮನೆಯ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಎಂದು ಮಕ್ಕಳ ಕೈಯಿಂದಲೇ ಬರೆಸಿ. ಸಂಜೆ ಮಗು ಬಂದಾಗ “ಎಷ್ಟು ಮಾರ್ಕ್ಸ್?” ಎನ್ನುವ ಮುಂಚೆ “ಇವತ್ತು ಹೇಗೆ ಬಂದೆ, ಯಾರ ಜೊತೆ ಬಂದೆ?” ಎಂದು ನಿಮ್ಮ ಮನೆಮಾತಿನಲ್ಲೇ ಕೇಳಿ.

ಆ ಅಜ್ಜಿ ಈಗ ಸಂಜೆ ನಾಲ್ಕಕ್ಕೇ ಹೋಗಿ ಹೆದ್ದಾರಿಯ ಆಚೆ ಬದಿಯಲ್ಲಿ ನಿಲ್ಲುತ್ತಾರೆ. ಅದೇ ವ್ಯಾನಿನಿಂದ ಇಳಿಯುವ ಪಕ್ಕದ ಮನೆಯ ಇಬ್ಬರು ಮಕ್ಕಳನ್ನೂ ಕೈಹಿಡಿದು ದಾಟಿಸುತ್ತಾರೆ. ಅವರಿಗೆ ಮಂಡಿನೋವು ಇದೆ. ವಾರದಲ್ಲಿ ಎರಡು ದಿನ ಅವರ ಬದಲಿಗೆ ನಿಲ್ಲಲು ಯಾರಾದರೂ ಮುಂದೆ ಬಂದರೆ ದಯವಿಟ್ಟು ಈ ಭಾನುವಾರ ಪೂಜೆಯ ನಂತರ ನಮಗೆ ತಿಳಿಸಿ.