ಎಣಿಕೆಯೂ ಫಲವೂ

ಪರರ ಹಿತಕ್ಕಾಗಿ ಧನವನ್ನು ವಿನಿಯೋಗಿಸುವವನು ಆ ಧನದಿಂದ ಹಿತವಾಯಿತೇ ಎಂದು ವಿಚಾರಿಸಬೇಕೆಂಬುದು ಸರ್ವಸಮ್ಮತವಾದ ಮಾತು. ಆದರೆ ಆ ಹಿತವನ್ನು ಅಳೆಯತಕ್ಕವರು ಯಾರು, ಯಾವ ಮಾನದಿಂದ ಅಳೆಯಬೇಕು, ಎಷ್ಟು ಕಾಲದ ಮೇಲೆ ಅಳೆಯಬೇಕು ಎಂಬ ಪ್ರಶ್ನೆಗಳು ಅಷ್ಟು ಸುಲಭವಲ್ಲ. ಇವು ಲೆಕ್ಕಪತ್ರಕ್ಕೆ ಸಂಬಂಧಪಟ್ಟವೆಂದು ಅನೇಕರು ತಿಳಿದಿರುವರು. ವಿಚಾರಿಸಿ ನೋಡಿದರೆ ಇವು ಧರ್ಮಕ್ಕೆ ಸಂಬಂಧಪಟ್ಟ ಪ್ರಶ್ನೆಗಳು.

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಹೋಬಳಿಯೂ ಅದರ ಸುತ್ತಣ ಸೀಮೆಯೂ ಈ ವಿಚಾರಕ್ಕೆ ತಕ್ಕ ನೆಲ. ಇಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಪೂರ್ವಿಕರು ಕಟ್ಟಿದ ಕೆರೆಗಳೇ ಗದ್ದೆಗೆ ಆಧಾರವಾಗಿದ್ದುವು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವವರೆಗೆ ಈ ಸೀಮೆ ಕೋಲಾರ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯನ್ನು ಮುಟ್ಟಿದ, ಪರದೇಶದ ದ್ರವ್ಯದಿಂದ ನಡೆದ ಎರಡು ಯೋಜನೆಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು.

ಮೊದಲನೆಯದು ಸಾಮಾಜಿಕ ಅರಣ್ಯ ಯೋಜನೆ. ವಿಶ್ವಬ್ಯಾಂಕಿನ ಸಾಲದಿಂದಲೂ ಬ್ರಿಟಿಷ್ ಸರ್ಕಾರದ ನೆರವಿನಿಂದಲೂ 1983ರ ಸುಮಾರಿಗೆ ಇದು ಕರ್ನಾಟಕದಲ್ಲಿ ಆರಂಭವಾಯಿತು. ಹಳ್ಳಿಯ ಜನರಿಗೆ ಸೌದೆಯೂ ಮೇವೂ ಸಣ್ಣ ಮರಮುಟ್ಟೂ ದೊರೆಯಬೇಕೆಂಬುದು ಉದ್ದೇಶ. ಆದರೆ ಸುಲಭವಾಗಿ ಎಣಿಕೆಗೆ ಸಿಕ್ಕಿದ್ದು ಹಂಚಿದ ಸಸಿಗಳ ಸಂಖ್ಯೆ. ಬೇಗ ಬೆಳೆಯುವ, ದನ ಬಾಯಿ ಹಾಕದ, ಕಾವಲು ಬೇಡದ ನೀಲಗಿರಿಯು ಸಂಖ್ಯೆಯನ್ನು ತುಂಬುವುದಕ್ಕೆ ಹೇಳಿ ಮಾಡಿಸಿದಂತಿತ್ತು. ಕೋಲಾರದ ಕಡೆ ಅದಕ್ಕೆ ಮೊದಲೇ ರಾಗಿಯ ಹೊಲಗಳು ನೀಲಗಿರಿಯ ತೋಪುಗಳಾಗತೊಡಗಿದ್ದುವು. ಮರವೇನೋ ಬೆಳೆಯಿತು. ಆದರೆ ದನ ಮುಟ್ಟದ ಎಲೆ ಮೇವಾಗಲಿಲ್ಲ. ಮರದಲ್ಲಿ ಬಹುಭಾಗ ರೇಯಾನು ಮತ್ತು ಕಾಗದದ ಕಾರ್ಖಾನೆಗಳ ದಾರಿ ಹಿಡಿಯಿತು. ಕಳೆ ಕೀಳುವ, ಕೊಯ್ಯುವ ಕೆಲಸವಿಲ್ಲದ ತೋಪಿನಿಂದ ಭೂಮಿಯಿಲ್ಲದವರ ಕೂಲಿ ಕಡಮೆಯಾಯಿತು. 1983ರಲ್ಲಿಯೇ ತುಮಕೂರು ಜಿಲ್ಲೆಯ ರೈತರು ನೀಲಗಿರಿಯ ಸಸಿಗಳನ್ನು ಕಿತ್ತೆಸೆದು ಹುಣಿಸೆ, ಮಾವುಗಳ ಬೀಜವನ್ನು ಊರಿದರು. 2017ರಲ್ಲಿ ರಾಜ್ಯಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆ ಮರವು ಅಂತರ್ಜಲವನ್ನು ಎಷ್ಟು ಹೀರುವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಅದು ಹಾಗಿರಲಿ, ಉದ್ದೇಶದಲ್ಲಿ ಸೌದೆ ಮೇವುಗಳನ್ನು ಬರೆದು, ಲೆಕ್ಕದಲ್ಲಿ ಸಸಿಗಳನ್ನು ಬರೆದರೆ ಗೆಲ್ಲುವುದು ಲೆಕ್ಕವೇ ಹೊರತು ಉದ್ದೇಶವಲ್ಲ.

ಮೀಮಾಂಸಾಶಾಸ್ತ್ರದಲ್ಲಿ ಯಾವ ಕರ್ಮಕ್ಕೂ ಮೂರು ಪ್ರಶ್ನೆಗಳನ್ನು ಹಾಕುವ ಕ್ರಮವುಂಟು: ಪಡೆಯಬೇಕಾದುದೇನು, ಯಾವುದರಿಂದ ಪಡೆಯಬೇಕು, ಹೇಗೆ ನಡೆಸಬೇಕು. ಇವೇ ಸಾಧ್ಯ, ಸಾಧನ, ಇತಿಕರ್ತವ್ಯತೆಗಳು. 1969ರಲ್ಲಿ ಅಮೆರಿಕದ ನೆರವಿನ ಇಲಾಖೆಗಾಗಿ ರಚಿತವಾಗಿ, ಬಳಿಕ ಅನೇಕ ದೇಶಗಳ ಸಂಸ್ಥೆಗಳು ಅನುಸರಿಸಿದ ‘ತಾರ್ಕಿಕ ಚೌಕಟ್ಟು’ ಎಂಬ ಕೋಷ್ಟಕವೂ ಬಹುಮಟ್ಟಿಗೆ ಇದೇ ವಿಭಾಗವನ್ನು ಮಾಡುವುದು. ಆದುದರಿಂದ ದೋಷವು ಕೋಷ್ಟಕದಲ್ಲಿಲ್ಲ. ಎಣಿಸಲು ಸುಲಭವಾದ ಸಾಧನವನ್ನು, ಎಣಿಸಲು ಕಷ್ಟವಾದ ಸಾಧ್ಯದ ಪೀಠದ ಮೇಲೆ ಕೂರಿಸುವುದರಲ್ಲಿದೆ.

ಎರಡನೆಯ ಯೋಜನೆ ಕೆರೆಗಳದು. ವಿಶ್ವಬ್ಯಾಂಕಿನ ಸಾಲದಿಂದ 2002ರಲ್ಲಿ ಆರಂಭವಾಗಿ 2012ರಲ್ಲಿ ಮುಗಿದ ಈ ಕಾರ್ಯವನ್ನು ಜಲಸಂವರ್ಧನೆ ಯೋಜನಾ ಸಂಘವು ನಡೆಸಿತು. ಹೂಳು ತೆಗೆಯುವುದು, ಏರಿ, ತೂಬು, ಕೋಡಿಗಳನ್ನು ಸರಿಪಡಿಸುವುದು ಇವಷ್ಟೇ ಅಲ್ಲದೆ, ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ, ಅವರೂ ವಂತಿಗೆ ಕೊಟ್ಟು ಮುಂದೆ ಕೆರೆಯನ್ನು ನೋಡಿಕೊಳ್ಳಬೇಕೆಂದು ವಿಧಿಸಲಾಯಿತು. ಬಳಸತಕ್ಕವರನ್ನೇ ಕಾರ್ಯಕ್ಕೆ ಕರೆದುದು ದೊಡ್ಡ ಮುಂದುವರಿಕೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇಲ್ಲಿ ಒಂದು ಸೂಕ್ಷ್ಮವಿದೆ. ಕಟ್ಟಿದ ಸಂಘಗಳನ್ನು ಒಂದು ವರ್ಷದಲ್ಲಿ ಎಣಿಸಬಹುದು; ಸಂಘವು ಬಾಳಿತೇ ಎಂಬುದು ಹಣ ನಿಂತ ಮೇಲೆ, ಬರ ಬಂದ ಮೇಲೆ, ತೂಬಿನ ಬಳಿ ಜಗಳವಾದ ಮೇಲೆ ತಿಳಿಯತಕ್ಕ ಸಂಗತಿ.

ಇನ್ನೊಂದು ತೊಡಕು ಕಾರಣದ ನಿರ್ಣಯ. 2021ರ ನವೆಂಬರಿನ ಭಾರಿ ಮಳೆಗೆ ಈ ಎರಡು ಜಿಲ್ಲೆಗಳಲ್ಲಿ ಬಹುಕಾಲ ಬತ್ತಿದ್ದ ಕೆರೆಗಳೂ ಕೋಡಿ ಬಿದ್ದುವು. ಅದಕ್ಕೆ ಮುಂಚೆ, 2018ರಿಂದ, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರತೊಡಗಿತ್ತು. ಹೀಗಿರಲಾಗಿ, ತುಂಬಿದ ಒಂದು ಕೆರೆಯನ್ನು ತೋರಿಸಿ ಇದು ಹೂಳೆತ್ತಿದುದರ ಫಲ, ಕೊಳಾಯಿಯ ಫಲ, ಮಳೆಯ ಫಲ ಎಂದು ಹೇಳುವ ಬಗೆ ಹೇಗೆ? ಕಾಗೆ ಕೂತಿತು, ತಾಳೆಯ ಹಣ್ಣು ಬಿದ್ದಿತು. ಕೂತದ್ದರಿಂದಲೇ ಬಿದ್ದಿತೆಂದು ಹೇಳುವುದು ಕಾಕತಾಳೀಯ. ತಾರ್ಕಿಕರು ಇದಕ್ಕೆ ಅನ್ವಯ ವ್ಯತಿರೇಕಗಳೆಂಬ ಒರೆಗಲ್ಲನ್ನು ಹೇಳಿರುವರು. ದುರಸ್ತಾದ ಕೆರೆಯನ್ನೂ, ಅದೇ ಮಳೆಗೆ ಒಳಗಾದ ದುರಸ್ತಾಗದ ನೆರೆಯ ಕೆರೆಯನ್ನೂ ಜೊತೆಯಲ್ಲಿ ನೋಡದೆ ಫಲವನ್ನು ಘೋಷಿಸುವುದು ಸತ್ಯಕ್ಕೆ ಅಪಚಾರ.

ಕರ್ಮವನ್ನು ಮಾಡು, ಫಲವನ್ನು ಬಿಡು ಎಂಬ ಗೀತೆಯ ಉಪದೇಶಕ್ಕೆ ಇದೆಲ್ಲ ವಿರುದ್ಧವಲ್ಲವೇ ಎಂದು ಕೇಳುವವರುಂಟು. ಬಿಡಬೇಕಾದುದು ಫಲದ ಮೇಲಣ ತನ್ನ ಆಸಕ್ತಿಯನ್ನು. ಪರರಿಗೆ ಆದ ಫಲದ ವಿಚಾರವನ್ನಲ್ಲ. ವೈದ್ಯನು ಕೀರ್ತಿಯ ಆಸೆಯನ್ನು ತೊರೆಯಬಹುದು. ರೋಗಿಯ ನಾಡಿ ನೋಡುವುದನ್ನು ತೊರೆಯಲಾಗದು. ಈ ದೃಷ್ಟಿಯಿಂದ ನೋಡಿದರೆ, ಮುಂದಿನ ಕಂತು ಬರಲೆಂದು ಬರೆಯುವ ವರದಿಯೇ ಫಲಾಸಕ್ತಿ; ಕೆಟ್ಟ ಸುದ್ದಿಯನ್ನೂ ಕೇಳಲು ಸಿದ್ಧನಾಗಿ ಮಾಡುವ ವಿಚಾರಣೆಯೇ ನಿಷ್ಕಾಮಕರ್ಮ. ಎಣಿಕೆಯೇ ಬೇಡವೆನ್ನುವವರ ಮಾತೂ ಸರಿಯಲ್ಲ. ಎಣಿಕೆಯಿಲ್ಲದ ಕಡೆ ಕಳ್ಳನಿಗೆ ಅನುಕೂಲ.

ಹಿಂದೆ ಕೆರೆಯ ನೀರನ್ನು ಅಳೆಯುತ್ತಿದ್ದವನು ನೀರುಗಂಟಿ. ಅಚ್ಚುಕಟ್ಟಿನ ಕೊನೆಯ ಗದ್ದೆಗೂ ನೀರು ಮುಟ್ಟುವಂತೆ ಸರದಿಯನ್ನು ನಡೆಸುವುದು ಅವನ ಕರ್ತವ್ಯ. ಅವನಿಗೆ ಸಲ್ಲುತ್ತಿದ್ದುದು ಸುಗ್ಗಿಯಲ್ಲಿ ಧಾನ್ಯದ ಪಾಲು. ಗದ್ದೆ ಒಣಗಿದರೆ ಅವನ ಮನೆಯ ಒಲೆಯೂ ಆರುತ್ತಿತ್ತು. ಅಂದಿನ ಸಮಾಜವು ಅವನ ಕುಲಕ್ಕೆ ಕೊಡಬೇಕಾದ ಗೌರವವನ್ನು ಕೊಡಲಿಲ್ಲ; ಆ ಅನ್ಯಾಯವನ್ನು ಮರೆಸಿ ಹಳೆಯ ಕಾಲವನ್ನು ಹೊಗಳಬಾರದು. ಆದರೆ ಅಳೆಯುವವನು ಅಳತೆಯ ಫಲದಲ್ಲಿ ಭಾಗಿಯಾಗಿದ್ದನೆಂಬುದು ಗಮನಿಸತಕ್ಕದ್ದು. ದೂರದಿಂದ ಬಂದು, ಕೋಷ್ಟಕವನ್ನು ತುಂಬಿ ಹೋಗುವವನಿಗೆ ಗದ್ದೆ ಒಣಗಿದರೂ ಸಂಬಳಕ್ಕೆ ಕೊರತೆಯಿಲ್ಲ.

ವಿಶ್ವಬ್ಯಾಂಕು ಕೊಟ್ಟದ್ದು ಸಾಲ. ಅದನ್ನು ತೀರಿಸತಕ್ಕವರು ಈ ನಾಡಿನ ಪ್ರಜೆಗಳು. ಪಡೆದವನೆಂದು ಕರೆಸಿಕೊಳ್ಳುವ ರೈತನೂ ಹೀಗೆ ಕೊಟ್ಟವರಲ್ಲಿ ಒಬ್ಬನಾಗುತ್ತಾನೆ. ಆದುದರಿಂದ ಲೆಕ್ಕವು ಮೊದಲು ಸಲ್ಲಬೇಕಾದುದು ಅವನಿಗೆ. ಯೋಜನೆಯ ಉದ್ದೇಶವೂ ಅದರ ಅಳತೆಗೋಲೂ ಕೆಲಸ ಆರಂಭವಾಗುವ ಮುನ್ನವೇ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಲ್ಪಡಬೇಕು. ಹಣ ಮುಗಿದು ಕೆಲವು ಮಳೆಗಾಲಗಳು ಕಳೆದ ಮೇಲೆ ಅದೇ ಸಭೆಯಲ್ಲಿ ಫಲವನ್ನು ಮತ್ತೆ ವಿಚಾರಿಸಬೇಕು. ಆಗ ಏರಿಯ ಕೆಳಗಣ ಮೊದಲ ಗದ್ದೆಯವನನ್ನು ಮಾತ್ರವೇ ಕೇಳಿದರೆ ಸಾಲದು. ಕೊನೆಯ ಗದ್ದೆಯವನನ್ನೂ, ಗದ್ದೆಯೇ ಇಲ್ಲದೆ ಕೂಲಿಗೆ ಹೋಗುವವಳನ್ನೂ ಕೇಳತಕ್ಕದ್ದು.