ಶೋಕವೂ ಶಾಸನವೂ

ಶೋಕಗ್ರಸ್ತನಾದವನು ಶಾಸನದ ವಿಷಯದಲ್ಲಿ ಮಾತನಾಡಬಾರದು, ಕಣ್ಣೀರು ತುಂಬಿದ ಕಣ್ಣಿಗೆ ನ್ಯಾಯಾನ್ಯಾಯಗಳು ಸ್ಫುಟವಾಗಿ ಕಾಣವು ಎಂಬುದು ಲೋಕದಲ್ಲಿ ಬಹುಮಟ್ಟಿಗೆ ಸಮ್ಮತವಾದ ಅಭಿಪ್ರಾಯ. ಅದರಲ್ಲಿ ತಥ್ಯವಿಲ್ಲದೆ ಇಲ್ಲ. ಹತನಾದವನ ತಂದೆಯನ್ನೇ ನ್ಯಾಯಪೀಠದಲ್ಲಿ ಕೂರಿಸಲು ಯಾರೂ ಒಪ್ಪಲಾರರು. ಆದರೆ ಶಿಕ್ಷೆಯನ್ನು ಬೇಡುವುದು ಒಂದು, ಶಾಸನವನ್ನು ಬೇಡುವುದು ಇನ್ನೊಂದು. ಮೊದಲನೆಯದು ನಡೆದುಹೋದ ಕೃತ್ಯದ ಕಡೆಗೆ ಮುಖಮಾಡಿದ್ದು. ಎರಡನೆಯದರ ಫಲವಾದರೋ ಬೇಡಿದವನಿಗೆ ಎಂದೂ ದಕ್ಕತಕ್ಕದ್ದಲ್ಲ.

1996ನೆಯ ಇಸವಿ ಮಾರ್ಚ್ 13ರ ಬೆಳಗ್ಗೆ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಸಣ್ಣ ಊರಿನ ಪ್ರಾಥಮಿಕ ಶಾಲೆಯ ವ್ಯಾಯಾಮಮಂದಿರಕ್ಕೆ ನುಗ್ಗಿದ ಒಬ್ಬಾತ, ಕೆಲವೇ ನಿಮಿಷಗಳಲ್ಲಿ ಮೊದಲನೆಯ ತರಗತಿಯ 16 ಮಕ್ಕಳನ್ನೂ ಅವರ ಉಪಾಧ್ಯಾಯಿನಿಯನ್ನೂ ಕೊಂದು, ಕಡೆಗೆ ತನ್ನನ್ನೂ ಕೊಂದುಕೊಂಡನು. ಹಂತಕನೇ ಇಲ್ಲವಾದ ಮೇಲೆ ಸೇಡಿಗೆ ಗುರಿಯಿಲ್ಲ. ಉಳಿದದ್ದು ಒಂದೇ ಪ್ರಶ್ನೆ: ಆಯುಧ ಆ ಕೈಗೆ ಬಂದುದು ಹೇಗೆ? ಅವನು ತಂದಿದ್ದ ನಾಲ್ಕೂ ಪಿಸ್ತೂಲು-ರಿವಾಲ್ವರುಗಳಿಗೆ ಲೈಸೆನ್ಸ್ ಇತ್ತು. ಆ ಲೈಸೆನ್ಸನ್ನು ಕಿತ್ತುಕೊಳ್ಳಬೇಕೆಂದು ಒಬ್ಬ ಪೊಲೀಸ್ ಅಧಿಕಾರಿ 1991ರಲ್ಲಿಯೇ ಬರೆದಿದ್ದುದೂ, ಅದರಂತೆ ಯಾರೂ ನಡೆಯದೆ ಹೋದುದೂ ಈ ಹತ್ಯೆಯ ಬಗ್ಗೆ ಲಾರ್ಡ್ ಕಲ್ಲನ್ನರು ನಡೆಸಿದ ವಿಚಾರಣೆಯಲ್ಲಿ ಹೊರಬಿದ್ದವು.

ಆ ಋತುವಿನಲ್ಲಿ ಅಲ್ಲಿ ಅರಳುವ ಬಿಳಿಯ ಸ್ನೋಡ್ರಾಪ್ ಹೂವಿನ ಹೆಸರನ್ನಿಟ್ಟುಕೊಂಡು, ಕೈಬಂದೂಕುಗಳನ್ನು ನಿಷೇಧಿಸಬೇಕೆಂದು ಹೊರಟ ಮನವಿಗೆ 7 ಲಕ್ಷಕ್ಕೂ ಮಿಕ್ಕಿ ಜನ ಸಹಿ ಹಾಕಿದರು. ಆಗ ಕೇಳಿಬಂದುದೇ ಭಾವೋದ್ವೇಗದಿಂದ ಕಾನೂನು ಮಾಡಬಾರದೆಂಬ ಆಕ್ಷೇಪ. ರಾಣಿಯ ಪತಿ ಫಿಲಿಪ್ಪರಂತೂ, ಯಾವನಾದರೂ ಕ್ರಿಕೆಟ್ ಬ್ಯಾಟಿನಿಂದ ಬಡಿದು ಕೊಂದರೆ ಬ್ಯಾಟನ್ನೂ ನಿಷೇಧಿಸುವಿರೋ ಎಂಬರ್ಥದ ಮಾತನ್ನಾಡಿದರು. ಇದು ನಿರುದ್ವೇಗವಾದ ಮಾತಿರಬಹುದು, ವಿಚಾರದ ಮಾತಲ್ಲ. ಆ ಮಂದಿರದಲ್ಲಿ ಮಕ್ಕಳ ಜೊತೆಗೆ ವಯಸ್ಕರಾದ ಮೂವರು ಹೆಂಗಸರಿದ್ದರು. ಒಬ್ಬರು ಸತ್ತರು, ಇಬ್ಬರು ಗಾಯಗೊಂಡರು. ಬ್ಯಾಟು ಹಿಡಿದು ಬಂದವನಾಗಿದ್ದರೆ ಆ ಮೂವರು ಅಡ್ಡಬರಬಹುದಾಗಿತ್ತು, ಅಷ್ಟರೊಳಗೆ ಮಕ್ಕಳು ಬಾಗಿಲ ಕಡೆಗೆ ಓಡಬಹುದಾಗಿತ್ತು. ಪಿಸ್ತೂಲು ಎಲ್ಲಕ್ಕೂ ಮೊದಲು ಅಪಹರಿಸುವುದು ಈ ಅವಕಾಶವನ್ನೇ.

ಇಷ್ಟಕ್ಕೂ, ಈ ವಿವಾದದಲ್ಲಿ ನಿಃಸ್ವಾರ್ಥಿಗಳು ಯಾರು? ಪಿಸ್ತೂಲಿನ ಗುರಿಯಾಟವನ್ನು ಹವ್ಯಾಸವಾಗಿ ಉಳ್ಳವರಲ್ಲಿ ಬಹುಮಂದಿ ಸಜ್ಜನರು. ಅವರ ನಷ್ಟ ನಷ್ಟವೇ ಅಲ್ಲವೆಂದು ನಾನು ಹೇಳೆನು. ಆದರೆ ಕಳೆದುಕೊಳ್ಳಲು ಏನಾದರೂ ಇದ್ದವರು ಅವರೇ. ಬಂದೂಕು ನಿಯಂತ್ರಣಕ್ಕಾಗಿ ಮುಂದೆ ದುಡಿದ ಮಿಕ್ ನಾರ್ತ್‌ರನ್ನು ನೋಡಿ: ಹೆಂಡತಿ ಮೊದಲೇ ತೀರಿಕೊಂಡಿದ್ದರು, ಆ ಬೆಳಗ್ಗೆ ಐದು ವರ್ಷದ ಒಬ್ಬಳೇ ಮಗಳೂ ಹೋದಳು. ಯಾವ ಶಾಸನದಿಂದಲೂ ಕಾಪಾಡಿಕೊಳ್ಳತಕ್ಕ ಮಗುವೇ ಮನೆಯಲ್ಲಿ ಉಳಿಯದ ಮನುಷ್ಯನು ಪರರ ಮಕ್ಕಳಿಗಾಗಿ ವಾದಿಸಿದರೆ, ಅದನ್ನು ಪಕ್ಷಪಾತವೆಂದು ಕರೆಯುವುದು ಹೇಗೆ? ಅಂಕಿಅಂಶಗಳಲ್ಲಿ ಒಂದು ಎಂದು ಎಣಿಸಲ್ಪಡುವುದು ಏನೆಂಬುದನ್ನು ಆತನಷ್ಟು ಯಥಾರ್ಥವಾಗಿ ಬಲ್ಲವರಾರು? ಶೋಕವೂ ಒಂದು ಜ್ಞಾನವೆಂದು ನಾನು ಹೇಳುವುದು ಈ ಅರ್ಥದಲ್ಲಿ.

ಹಾಗೆಂದು, ಮಕ್ಕಳನ್ನು ಕಳೆದುಕೊಂಡವರೆಲ್ಲರೂ ವೇದಿಕೆಯನ್ನೇರಬೇಕೆಂದು ಅಪೇಕ್ಷಿಸುವುದು ಕ್ರೌರ್ಯ. ಕದವಿಕ್ಕಿಕೊಂಡು ಒಳಗೆ ಕುಳಿತವರ ದುಃಖವೇನೂ ಕಡಿಮೆಯದಲ್ಲ.

ಬ್ರಿಟನ್ನಿನಲ್ಲಿ 1997ರಲ್ಲಿ ಎರಡು ಕಾಯಿದೆಗಳಾಗಿ, ಖಾಸಗಿಯವರು ಕೈಬಂದೂಕು ಇಟ್ಟುಕೊಳ್ಳುವುದು ಬಹುಮಟ್ಟಿಗೆ ನಿಂತಿತು. ಅಮೆರಿಕದಲ್ಲಿ ಹಾಗಾಗಲಿಲ್ಲ. 2012ರ ಡಿಸೆಂಬರಿನಲ್ಲಿ ನ್ಯೂಟೌನಿನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ದೊಡ್ಡವರೂ ಹತರಾದ ಮೇಲೆ, ಬಂದೂಕು ಕೊಳ್ಳುವವರ ಪೂರ್ವಾಪರಗಳ ಪರಿಶೀಲನೆಯನ್ನು ವಿಸ್ತರಿಸುವ ಮಸೂದೆಗೆ ಮರುವರ್ಷ ಸೆನೆಟ್ಟಿನಲ್ಲಿ ಬೇಕಾಗಿದ್ದ ಮತಗಳು 60, ಬಂದವು 54. ಅದಕ್ಕಾಗಿ ಹೋರಾಡಿ ಸೋತ ತಂದೆತಾಯಿಗಳಲ್ಲಿ ಕೆಲವರು ಶಾಲೆಗಳತ್ತ ತಿರುಗಿ, ಸಹಪಾಠಿಯ ನಡೆನುಡಿಯಲ್ಲಿ ಅಪಾಯದ ಸೂಚನೆ ಕಂಡರೆ ಅದನ್ನು ಹಿರಿಯರಿಗೆ ತಿಳಿಸುವುದನ್ನು ಮಕ್ಕಳಿಗೆ ಕಲಿಸತೊಡಗಿದರು. 2022ರ ಜೂನಿನಲ್ಲಿ ಇನ್ನೂ ಮಿತವಾದ ಒಂದು ಕಾಯಿದೆ ಅಲ್ಲಿ ಅಂಗೀಕಾರವಾದುದು, ಟೆಕ್ಸಾಸಿನ ಯುವಾಲ್ಡಿಯಲ್ಲಿ ಮತ್ತೆ 19 ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಸತ್ತ ಮೇಲೆ. ಪರಿಶೀಲನೆಯ ಪರವಾದ ಯುಕ್ತಿಗಳು 2013ರಲ್ಲಿಯೂ ಇದ್ದವಲ್ಲವೆ? ಶೋಕದ ಸ್ಪರ್ಶವಿಲ್ಲದ ವಿವೇಕವೇ ಶಾಸನಕ್ಕೆ ಸಾಕೆನ್ನುವವರು, ಆ ಒಂಬತ್ತು ವರ್ಷಗಳಲ್ಲಿ ಅದು ಏನು ಮಾಡುತ್ತಿತ್ತೆಂಬುದನ್ನು ಯುವಾಲ್ಡಿಯ ತಂದೆತಾಯಿಗಳಿಗೆ ಹೇಳಬೇಕಾಗಿದೆ.