ನಷ್ಟಕಾಲದಲ್ಲಿ ದೇವರನ್ನು ನಂಬುವದು ಹೇಗೆ?



ಮಳೆ ತಪ್ಪಿ ಹೊಲವು ಒಣಗಿದಾಗಲೂ, ಉಳುವ ಎತ್ತು ಕೊಟ್ಟಿಗೆಯಲ್ಲಿ ಸತ್ತು ಬಿದ್ದಾಗಲೂ, ಕೂಸನ್ನು ಮಣ್ಣಿಗೆ ಒಪ್ಪಿಸಿ ಬರಿಗೈಯಿಂದ ಮನೆಗೆ ಬಂದಾಗಲೂ ನಮ್ಮವರು ಎರಡು ಮಾತುಗಳನ್ನು ಕೇಳಬೇಕಾಗುತ್ತದೆ. ನೆರೆಯವರಲ್ಲಿ ಕೆಲವರು, ಕುಲದೇವರನ್ನು ಬಿಟ್ಟದ್ದರಿಂದ ಇದು ಬಂತು ಅನ್ನುತ್ತಾರೆ. ಸಭೆಯವರಲ್ಲಿ ಕೆಲವರು, ಎಲ್ಲಾ ದೇವರ ಚಿತ್ತ, ಅಳಬೇಡ ಅನ್ನುತ್ತಾರೆ. ಮೊದಲನೆಯ ಮಾತು ಹೆದರಿಸುತ್ತದೆ. ಎರಡನೆಯದು ಒಳ್ಳೇ ಮನಸ್ಸಿನಿಂದ ಬಂದರೂ ದುಃಖಪಡುವವನ ಬಾಯನ್ನು ಕಟ್ಟುತ್ತದೆ. ಹೀಗಿರಲಾಗಿ, ದೇವರ ಸಂಕಲ್ಪವನ್ನು ನಂಬುವದೆಂದರೆ ಏನು? ನಷ್ಟವನ್ನು ಲಾಭವೆಂದು ಕರೆಯುವದೋ? ನಮ್ಮ ಕನ್ನಡ ಸತ್ಯವೇದಕ್ಕೆ ಸಂಬಂಧಪಟ್ಟ ಒಂದು ನಿಜಸಂಗತಿಯಿಂದ ಇದನ್ನು ವಿಚಾರಿಸೋಣ.

ವಿಲಿಯಂ ಕೇರಿ ಅಯ್ಯನವರು ಇಂಗ್ಲೆಂಡಿನಲ್ಲಿ ಮೊದಲು ಜೋಡು ಹೊಲಿಯುವ ಕೆಲಸ ಮಾಡಿದವರು. ಅವರು 1793ರಲ್ಲಿ ಬಂಗಾಳಕ್ಕೆ ಬಂದು, 1800ರಿಂದ ಹುಗ್ಲಿ ನದಿಯ ತೀರದಲ್ಲಿರುವ ಶ್ರೀರಾಮಪುರದಲ್ಲಿ ಮಾರ್ಷ್‌ಮನ್, ವಾರ್ಡ್ ಎಂಬ ಜೊತೆಗೆಲಸದವರ ಸಂಗಡ ನೆಲೆಸಿ, ಅನೇಕ ಭಾಷೆಗಳಲ್ಲಿ ದೇವರ ವಾಕ್ಯವನ್ನು ಅಚ್ಚುಹಾಕಿಸುವ ಕೆಲಸವನ್ನು ನಡಿಸಿದರು. ಅವರು ಕೈಹಾಕಿದ ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು.

1812ನೇ ಮಾರ್ಚ್ 11ನೇ ತಾರೀಕಿನ ಸಾಯಂಕಾಲದಲ್ಲಿ ಅವರ ಅಚ್ಚುಕೂಟಕ್ಕೆ ಬೆಂಕಿ ಹತ್ತಿತು. ವಾರ್ಡ್ ಅಯ್ಯನವರು ಬಾಗಿಲು ಕಿಟಕಿಗಳನ್ನು ಮುಚ್ಚಿಸಿ, ಮೇಲಿನಿಂದ ನೀರು ಹೊಯ್ಯಿಸಿದರು. ಬೆಂಕಿ ಅಡಗುತ್ತಾ ಬಂದ ವೇಳೆಯಲ್ಲಿ ಯಾರೋ ಒಂದು ಕಿಟಕಿಯನ್ನು ತೆರೆಯಲು, ಗಾಳಿ ಹೊಕ್ಕು ಉರಿಯು ಎಲ್ಲವನ್ನೂ ಆವರಿಸಿತು. ಕಾಗದದ ರಾಶಿಗಳು ಬೂದಿಯಾದವು, ಸೀಸದ ಅಕ್ಷರಗಳು ಕರಗಿ ಹರಿದವು. ಕೇರಿಯವರು ಬಹು ಶ್ರಮದಿಂದ ಬರೆದಿದ್ದ ಕನ್ನಡ ಭಾಷಾಂತರದ ಪ್ರತಿಯೂ, ಅನೇಕ ಭಾಷೆಗಳ ದೊಡ್ಡ ನಿಘಂಟಿನ ಪ್ರತಿಯೂ ಸುಟ್ಟುಹೋದವು. ಆ ದಿನ ಅವರು ಕಲ್ಕತ್ತೆಯಲ್ಲಿದ್ದರು. ಮರುದಿನ ಸುದ್ದಿಯನ್ನು ಕೇಳಿ ಶ್ರೀರಾಮಪುರಕ್ಕೆ ಬಂದು ಬೂದಿಯನ್ನು ನೋಡಿದಾಗ ಅವರ ಕಣ್ಣುಗಳು ತುಂಬಿದವು. ನಂತರದ ಆದಿತ್ಯವಾರದಲ್ಲಿ ಅವರು 46ನೇ ಕೀರ್ತನೆಯ 10ನೇ ವಚನವನ್ನು ಹಿಡಿದು, ದೇವರ ಮುಂದೆ ಸುಮ್ಮನಿರುವದನ್ನು ಕುರಿತು ಪ್ರಸಂಗಮಾಡಿದರು.

ಆದರೆ ಅವರ ಕೈಗಳು ಸುಮ್ಮನಿರಲಿಲ್ಲ. ಬೂದಿಯನ್ನು ಕೆದಕಲು, ಅಕ್ಷರಗಳನ್ನು ಎರಕಹೊಯ್ಯುವ ಅಚ್ಚುಗಳು ಕೆಡದೆ ಸಿಕ್ಕಿದವು. ಕೂಡಲೆ ಕರಗಿದ ಸೀಸದಿಂದಲೇ ಹೊಸ ಅಕ್ಷರಗಳನ್ನು ಎರೆಯುವದಕ್ಕೆ ತೊಡಗಿದರು. ಸುದ್ದಿ ಮುಟ್ಟಿದ ಮೇಲೆ ಬ್ರಿಟನ್ ದೇಶದ ಸಭೆಗಳು ಸುಮಾರು ಎರಡು ತಿಂಗಳೊಳಗಾಗಿ ಹತ್ತು ಸಾವಿರ ಪೌಂಡುಗಳಷ್ಟು ಕೂಡಿಸಿದವು. 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣವು ಅಚ್ಚಾಯಿತು. ತರುವಾಯ ಕನ್ನಡ ಹೊಸ ಒಡಂಬಡಿಕೆಯೂ ಶ್ರೀರಾಮಪುರದಿಂದ ಹೊರಟಿತು.

ಇಲ್ಲಿಗೇ ಕಥೆಯನ್ನು ನಿಲ್ಲಿಸಿದರೆ, ದೇವರು ಹೋದದ್ದನ್ನೆಲ್ಲಾ ತಿರಿಗಿ ಕೊಡುತ್ತಾನೆಂದು ನಾವು ಸುಲಭವಾಗಿ ಹೇಳಿಬಿಡುವೆವು. ಆದರೆ ಎಲ್ಲವೂ ತಿರಿಗಿ ಬರಲಿಲ್ಲ. ಆ ದೊಡ್ಡ ನಿಘಂಟು ಎಂದಿಗೂ ಮುಗಿಯಲಿಲ್ಲ. ಸಂಪೂರ್ಣ ಸತ್ಯವೇದವಾದರೋ ಕನ್ನಡಿಗರಿಗೆ ದೊರಕಿದ್ದು ಕೇರಿಯವರಿಂದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅಯ್ಯನವರೂ ಅವರ ಸಂಗಡಿಗರೂ ಅನೇಕ ವರುಷ ದುಡಿದು 1831ರಲ್ಲಿ ಅದನ್ನು ಪೂರೈಸಿದರು. ಒಬ್ಬನ ಹೊಲದಲ್ಲಿ ಸುಟ್ಟ ಬೆಳೆಗೆ ಬದಲಾಗಿ ಇನ್ನೊಬ್ಬನ ಹೊಲದಲ್ಲಿ ತೆನೆ ಬಂತು. ಆದರೂ ಹಸಿದವರಿಗೆ ರೊಟ್ಟಿ ದೊರಕಿತು. ದೇವರ ಸಂಕಲ್ಪವು ನಮ್ಮ ಲೆಕ್ಕಕ್ಕಿಂತ ದೊಡ್ಡದು ಎಂಬದಕ್ಕೆ ಇದೇ ಅರ್ಥ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಪೌಲನು ಎಲ್ಲಾ ಸಂಗತಿಗಳು ಒಳ್ಳೆಯವೆಂದು ಹೇಳಲಿಲ್ಲ. ಅವೆಲ್ಲವುಗಳೊಳಗೆ ದೇವರು ತನ್ನವರ ಹಿತವನ್ನು ಸಾಧಿಸುತ್ತಾನೆಂದು ಹೇಳಿದನು. ಬೆಂಕಿಯು ಬೆಂಕಿಯೇ. ಅದನ್ನು ಹೂವೆಂದು ಕರೆಯುವದು ವಿಶ್ವಾಸವಲ್ಲ.

ಇದು ಹಣೆಬರಹದ ಮಾತೇ ಅಲ್ಲವೋ ಎಂದು ಯಾರಾದರೂ ಕೇಳಬಹುದು. ಅಲ್ಲ. ಹಣೆಬರಹಕ್ಕೆ ಕಿವಿಯಿಲ್ಲ, ಅದರ ಮುಂದೆ ಅತ್ತು ಫಲವೇನು? ನಮಗಾದರೋ ಕೇಳುವ ತಂದೆಯಿದ್ದಾನೆ. ಲಾಜರನನ್ನು ಎಬ್ಬಿಸುವೆನೆಂದು ತಿಳಿದಿದ್ದರೂ ಕರ್ತನು ಅವನ ಸಮಾಧಿಯ ಬಳಿಯಲ್ಲಿ ಕಣ್ಣೀರು ಬಿಟ್ಟನು. ಆದದರಿಂದ ಅಳುವದು ಅವಿಶ್ವಾಸವಲ್ಲ. ಕುಲದೇವರ ಮುನಿಸೆಂದು ಹೆದರಿಸುವವರಿಗೆ ಕೋಪದಿಂದ ಉತ್ತರ ಕೊಡಬೇಡಿರಿ. ಮಳೆ ತಪ್ಪಿದ ವರುಷದಲ್ಲಿ ಅವರ ಹೊಲವೂ ಒಣಗುತ್ತದೆ. ಹುಟ್ಟುಕುರುಡನ ವಿಷಯದಲ್ಲಿ, ಪಾಪಮಾಡಿದವರು ಯಾರೆಂದು ಶಿಷ್ಯರು ಕೇಳಲು, ಕರ್ತನು ಅವನ ಮೇಲಾಗಲಿ ಅವನ ತಂದೆತಾಯಿಗಳ ಮೇಲಾಗಲಿ ತಪ್ಪು ಹೊರಿಸಲಿಲ್ಲ.

ಸಭೆಯವರಿಗೂ ಒಂದು ಮಾತುಂಟು. ಯೋಬನ ಸ್ನೇಹಿತರು ಏಳು ದಿನ ಮಾತಾಡದೆ ಅವನ ಸಂಗಡ ನೆಲದ ಮೇಲೆ ಕೂತಿದ್ದರು. ಅದು ಒಳ್ಳೇದಾಗಿತ್ತು. ಅವನ ಕಷ್ಟಕ್ಕೆ ಕಾರಣ ಹೇಳುವದಕ್ಕೆ ಬಾಯಿ ತೆರೆದಾಗಲೇ ಅವರು ತಪ್ಪಿದರು. ಕಾರಣವು ನಮಗೆ ತಿಳಿಯದಿದ್ದರೆ ದೇವರ ಹೆಸರಿನಲ್ಲಿ ಕಾರಣ ಕಟ್ಟುವದು ಭಕ್ತಿಯಲ್ಲ. ಎತ್ತು ಸತ್ತವನ ಮನೆಗೆ ನಿಮ್ಮ ಎತ್ತುಗಳನ್ನು ಹೊಡಕೊಂಡು ಹೋಗಿರಿ. ಕೂಸನ್ನು ಕಳಕೊಂಡವಳ ಒಲೆ ಉರಿಯದಿದ್ದರೆ ಗಂಜಿ ಮಾಡಿ ಒಯ್ಯಿರಿ. ಅವನ ಹಿತಸಂಕಲ್ಪವು ಅನೇಕ ವೇಳೆ ನೆರೆಯವನ ಕೈಯಿಂದಲೇ ಬಾಗಿಲಿಗೆ ಬರುತ್ತದೆ.

ನಂಬುವದೆಂದರೆ ಕಾರಣವನ್ನು ತಿಳಿದುಕೊಂಡಿರುವದಲ್ಲ. ಅತ್ತ ಕಣ್ಣನ್ನು ಒರಸಿಕೊಂಡು, ಬೂದಿಯಲ್ಲಿ ಉಳಿದದ್ದನ್ನು ಹುಡುಕಿ, ಬೆಳಗಾದ ಮೇಲೆ ಆ ದಿನದ ಕೆಲಸಕ್ಕೆ ತಂದೆಯ ಕೈ ಹಿಡಿದು ಹೋಗುವದೇ. ನಷ್ಟದಲ್ಲಿರುವ ಪ್ರತಿಯೊಂದು ಮನೆಗೆ ಕರ್ತನು ಈ ಕೃಪೆಯನ್ನು ದಯಪಾಲಿಸಲಿ. ಆಮೆನ್.